ಎರಡು ಮಡಿಯಿಂದ ಶುರು ಮಾಡಿ: ಹಾಸನ, ಚಿಕ್ಕಮಗಳೂರು ಕಡೆಯ ಶಾಲೆಗಳಿಗೆ ಕೈತೋಟದ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಮಕ್ಕಳ ಜೊತೆ ಕೈತೋಟ ಹಾಕಿದ್ದು ಬೇಲೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ. ಉತ್ಸಾಹ ಜಾಸ್ತಿ ಇತ್ತು. ಒಂದೇ ವಾರದಲ್ಲಿ ಹನ್ನೆರಡು ಮಡಿ, ಅಂದರೆ ಗಿಡ ಬೆಳೆಸುವ ಮಣ್ಣಿನ ಪಟ್ಟಿ, ಎಬ್ಬಿಸಿದೆವು. ಬೀನ್ಸ್, ಟೊಮೆಟೊ, ಬದನೆ, ಮೂಲಂಗಿ, ಸೊಪ್ಪು ಎಲ್ಲ ಹಾಕಿದೆವು. ಅಷ್ಟರಲ್ಲಿ ದಸರಾ ರಜೆ ಬಂತು. ರಜೆ ಮುಗಿಸಿ ಬಂದು ನೋಡಿದರೆ ಮೂರು ಮಡಿ ದನ ಮೇದಿದ್ದವು, ಬೀನ್ಸ್ ಬಲಿತು ಒಣಗಿತ್ತು, ಮೂಲಂಗಿ ಬೆಂಡಾಗಿ ಹೂ ಬಿಟ್ಟಿತ್ತು. ಮಕ್ಕಳು ಬೇಲಿ ಹತ್ತಿರ ಸುಮ್ನೆ ನಿಂತುಬಿಟ್ಟರು. ಆ ವರ್ಷ ಮತ್ತೆ ಗುದ್ದಲಿ ಮುಟ್ಟಲು ಯಾರಿಗೂ ಮನಸ್ಸಾಗಲಿಲ್ಲ.

ಮುಂದಿನ ವರ್ಷ ಎರಡೇ ಮಡಿ ಮಾಡಿದೆವು. ಬೀಜದ ಪೊಟ್ಟಣ ಬಿಚ್ಚುವ ಮೊದಲು ರಜೆ ಪಟ್ಟಿ ಬಿಚ್ಚಿದೆವು. ಆ ತೋಟ ಉಳಿಯಿತು. ಈ ಮಾರ್ಗದರ್ಶಿಯಲ್ಲಿ ಹೇಳುವುದೆಲ್ಲ ಆ ಎರಡು ವಿಷಯದ ಸುತ್ತಲೇ ಇದೆ: ಸಣ್ಣದಾಗಿ ಶುರು ಮಾಡಿ, ಶಾಲೆಯ ದಿನಗಳಿಗೆ ಹೊಂದಿಸಿ ಬೆಳೆಯಿರಿ.

ಮೊದಲ ಹೆಜ್ಜೆ: ಬಿಸಿಯೂಟದ ಲೆಕ್ಕ ಹಾಕಿ

ತೋಟ ಎಷ್ಟು ದೊಡ್ಡದಿರಬೇಕು ಅಂತ ತಿಳಿಯಲು ಅಡುಗೆ ಮನೆಯಿಂದ ಶುರು ಮಾಡಿ. ಬಿಸಿಯೂಟದ ನಿಯಮದ ಪ್ರಕಾರ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟನೇ ತರಗತಿಯ ಮಗುವಿಗೆ 75 ಗ್ರಾಂ. ನಲವತ್ತು ಪುಟ್ಟ ಮಕ್ಕಳಿರುವ ಶಾಲೆಗೆ ದಿನಕ್ಕೆ 2 ಕಿಲೋ ಬೇಕು. ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಮಡಿಯಲ್ಲಿ ದಂಟಿನ ಸೊಪ್ಪು ಚೆನ್ನಾಗಿ ಬಂದರೆ ಎರಡು, ಮೂರು ಕಿಲೋ ಸಿಗುತ್ತದೆ. ಅಂದರೆ ಒಂದು ತಿಂಗಳ ಆರೈಕೆಗೆ ಒಂದು ದಿನದ ಸಾರು.

ಇಷ್ಟೇನಾ ಅನ್ನಿಸಬಹುದು. ಆದರೆ ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ ನೋಡಿ. ಸಂತೆಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ಸೊಪ್ಪಿನ ಕಟ್ಟಿನ ಹಿಂದೆ ಎಷ್ಟು ಕೆಲಸ ಇದೆ ಅನ್ನೋದು ಅವರಿಗೆ ಅಲ್ಲೇ ತಿಳಿಯುತ್ತದೆ. ಶಾಲೆಯ ಇಡೀ ತರಕಾರಿ ಖರ್ಚು ಉಳಿಸುವ ಗುರಿ ಇಟ್ಟುಕೊಳ್ಳಬೇಡಿ. ವಾರಕ್ಕೊಮ್ಮೆ ತೋಟದ್ದೇ ಸಾರು ಅನ್ನುವ ಗುರಿ ಸಾಕು. ಎರಡು ಮಡಿಯಿಂದ ಶುರು ಮಾಡಿ, ಎರಡನೇ ವರ್ಷ ಐದಾರಕ್ಕೆ ಏರಿಸಿದರೆ ಅದು ಕೈಗೆ ಸಿಗುತ್ತದೆ.

ಎರಡನೇ ಹೆಜ್ಜೆ: ಜೊತೆಗಾರರು

ಮುಖ್ಯ ಶಿಕ್ಷಕರ ಒಪ್ಪಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ಮಾತು, ಇವೆರಡು ಮೊದಲು ಆಗಲಿ. 2019ರಲ್ಲೇ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಕ್ಕೆ ಮಾರ್ಗಸೂಚಿ ಕೊಟ್ಟಿದೆ, ಹಾಗಾಗಿ ಇದು ಶಾಲೆಯ ಕೆಲಸವೇ ಅಂತ ಧೈರ್ಯವಾಗಿ ಹೇಳಬಹುದು. ಬೇಲಿಗೋ ನೀರಿನ ತೊಟ್ಟಿಗೋ ಗ್ರಾಮ ಪಂಚಾಯಿತಿಯಲ್ಲಿ ಒಂದು ಅರ್ಜಿ ಕೊಡಿ.

ಅಡುಗೆ ಮಾಡುವ ಅಕ್ಕಂದಿರನ್ನು ಮೊದಲ ದಿನವೇ ಕರೆಯಿರಿ. ಯಾವ ಸೊಪ್ಪು ಸೋಸಲು ಸುಲಭ, ಮಕ್ಕಳು ಯಾವುದನ್ನು ತಟ್ಟೆಯಲ್ಲಿ ಬಿಡುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಶಾಲೆ ಪಕ್ಕದ ಮನೆಯ ಒಬ್ಬ ಅಜ್ಜನೋ ಅಜ್ಜಿಯೋ ಜೊತೆಗಿದ್ದರೆ ಇನ್ನೂ ಒಳ್ಳೆಯದು. ರಜೆ ದಿನಗಳಲ್ಲಿ ತೋಟದ ಕಡೆ ಒಂದು ಕಣ್ಣು ಇಡುವವರು ಅವರೇ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ತೋಟದ ಕೆಲಸವನ್ನು ಶಿಕ್ಷೆಯಾಗಿ ಕೊಡಬೇಡಿ. ಹೋಂವರ್ಕ್ ಮಾಡದ ಹುಡುಗನಿಗೆ 'ಹೋಗಿ ಕಳೆ ಕೀಳು' ಅಂದ ದಿನವೇ ಆ ಮಗುವಿಗೆ ತೋಟ ಬೇಡವಾಗುತ್ತದೆ. ಹಾಗೇ ಸಗಣಿ ಹೊರುವುದು ಕೆಲವರಿಗೆ, ನೀರು ಹಾಕಿ ಗುಡಿಸುವುದು ಹುಡುಗಿಯರಿಗೆ, ಅಗೆಯುವುದು ಹುಡುಗರಿಗೆ ಅಂತ ಹಂಚಬೇಡಿ. ಎಲ್ಲ ಕೆಲಸವೂ ಎಲ್ಲರ ಕೈಗೂ ಬರಲಿ. ಶಿಕ್ಷಕರೂ ಸಗಣಿಗೆ ಕೈ ಹಾಕಲಿ.

ಮೂರನೇ ಹೆಜ್ಜೆ: ಜಾಗ ಮತ್ತು ಬೇಲಿ

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ನಮ್ಮ ಕಡೆ ಎಷ್ಟೋ ಶಾಲೆಗಳ ಸುತ್ತ ಸಿಲ್ವರ್ ಓಕ್, ನೀಲಗಿರಿ ಇರುತ್ತವೆ. ಅವುಗಳ ಬುಡದಲ್ಲಿ ತರಕಾರಿ ಏಳುವುದಿಲ್ಲ, ದೂರ ಇರಿ. ಬಿಸಿಲು ನೋಡಲು ಒಂದು ಕೋಲು ನೆಟ್ಟು, ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಒಂದು ಕಲ್ಲು ಇಡಲು ಮಕ್ಕಳಿಗೆ ಹೇಳಿ. ಮರದ ನೆರಳು ಕೋಲಿನ ಮೇಲೆ ಬಿದ್ದ ಹೊತ್ತನ್ನೂ ಬರೆದುಕೊಳ್ಳಲಿ. ಜಾಗವೂ ಗೊತ್ತಾಗುತ್ತದೆ, ಒಂದು ವಿಜ್ಞಾನದ ಪಾಠವೂ ಆಗುತ್ತದೆ.

ತೋಟ ನಲ್ಲಿಗೆ ಹತ್ತಿರ ಇರಲಿ, ಮಕ್ಕಳು ಓಡಾಡುವ ದಾರಿಯಲ್ಲೇ ಇರಲಿ. ಕಟ್ಟಡದ ಹಿಂದೆ ಹಾಕಿದ ತೋಟ ಕಣ್ಣಿಗೆ ಬೀಳುವುದಿಲ್ಲ, ಮನಸ್ಸಿನಿಂದಲೂ ಹೋಗುತ್ತದೆ.

ಬೇಲಿ ಇಲ್ಲದೆ ಬೀಜ ಹಾಕಬೇಡಿ. ದನ, ಮೇಕೆ, ಕೋಳಿ ತಡೆಯಲು ಬಿದಿರಿನ ಬೇಲಿ ಸಾಕು. ಅದರ ಪಕ್ಕದಲ್ಲೇ ಗ್ಲಿರಿಸಿಡಿಯಾ ಅಥವಾ ಹಾಲವಾಣದ ಗೂಟಗಳನ್ನು ಮುಂಗಾರು ಹಿಡಿಯುವಾಗ ನೆಟ್ಟರೆ ಚಿಗುರುತ್ತವೆ. ಎರಡು ವರ್ಷದಲ್ಲಿ ಜೀವಂತ ಬೇಲಿ, ಜೊತೆಗೆ ಗೊಬ್ಬರಕ್ಕೆ ಹಸಿ ಸೊಪ್ಪು. ಮಂಗಗಳನ್ನು ಯಾವ ಬೇಲಿಯೂ ತಡೆಯುವುದಿಲ್ಲ. ಮಂಗನ ಕಾಟ ಇರುವ ಕಡೆ ಟೊಮೆಟೊ, ಬಾಳೆ, ಪಪಾಯ ಬಿಡಿ. ಸೊಪ್ಪು, ಕೆಸು, ಅರಿಶಿನ, ಶುಂಠಿ, ಮೆಣಸಿನಕಾಯಿ ನೆಚ್ಚಿಕೊಳ್ಳಿ. ಸಕಲೇಶಪುರ, ಆಲೂರು ಭಾಗದಲ್ಲಿ ಆನೆ ಓಡಾಡುವ ಊರುಗಳಲ್ಲಂತೂ ಶಾಲೆಯಲ್ಲಿ ಬಾಳೆ ಬೇಡವೇ ಬೇಡ.

ನಾಲ್ಕನೇ ಹೆಜ್ಜೆ: ಮಡಿ ಮತ್ತು ಮಣ್ಣು

ಮಡಿಯ ಅಗಲ ಮೂರು ಅಡಿ ದಾಟದಿರಲಿ. ಮಗು ಒಂದು ಬದಿಯಲ್ಲಿ ಕೂತು ಕೈ ಚಾಚಿದರೆ ನಡುವಿನವರೆಗೆ ಮುಟ್ಟಬೇಕು. ಅಗಲ ಜಾಸ್ತಿಯಾದರೆ ಮಡಿಯೊಳಗೆ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. ಎರಡು ಮಡಿ ನಡುವೆ ಒಂದೂವರೆ ಅಡಿ ದಾರಿ ಬಿಡಿ.

ಎತ್ತರ ಊರಿನ ಮೇಲೆ ಹೋಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಡಿ ಒಂದು ಅಡಿ ಎತ್ತರ ಇರಬೇಕು, ಸುತ್ತ ನೀರು ಹರಿದು ಹೋಗಲು ಕಾಲುವೆ ಬೇಕು. ಅರಸೀಕೆರೆ, ಕಡೂರು ಕಡೆ ಇದರ ಉಲ್ಟಾ. ಅಲ್ಲಿ ಎತ್ತರದ ಮಡಿ ಬೇಗ ಒಣಗುತ್ತದೆ. ನೆಲಮಟ್ಟದ ಪಾತಿ ಮಾಡಿ, ಸುತ್ತ ನಾಲ್ಕು ಬೆರಳು ಬದು ಕಟ್ಟಿ.

ಗುದ್ದಲಿ, ಹಾರೆ ದೊಡ್ಡವರ ಕೈಗೆ. ಮಕ್ಕಳಿಗೆ ಕಳೆ ತೆಗೆಯುವ ಕುರ್ಚಿಗೆ, ಮಂಕರಿ, ಸಣ್ಣ ಕೋಲು ಸಾಕು. ಒಂದು ಅಡಿ ಆಳ ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ, ಮಡಿಗೆ ಎರಡು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಕಾಂಗ್ರೆಸ್ ಗಿಡ ಇದ್ದರೆ ಮಕ್ಕಳು ಬರಿಗೈಯಲ್ಲಿ ಕೀಳಬಾರದು, ಚರ್ಮಕ್ಕೆ ತುರಿಕೆ ಹತ್ತುತ್ತದೆ.

ಮಲೆನಾಡಿನ ಮಣ್ಣು ಮಳೆಗೆ ತೊಳೆದು ಹುಳಿ ಮಣ್ಣಾಗಿರುತ್ತದೆ. ಕಾಫಿ ತೋಟದವರು ಸುಣ್ಣ ಹಾಕುವುದು ಇದಕ್ಕೇ. ಅವರನ್ನು ನೋಡಿ ನೀವೂ ಸುಮ್ನೆ ಸುಣ್ಣ ಸುರಿಯಬೇಡಿ, ಮೊದಲು ಪರೀಕ್ಷೆ ಮಾಡಿಸಿ. ನಾಲ್ಕೈದು ಕಡೆ ಆರು ಇಂಚು ಆಳಕ್ಕೆ ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಮಣ್ಣು ಕೆರೆದು, ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ತೆಗೆದುಕೊಳ್ಳಿ. ಹಾಸನ ಜಿಲ್ಲೆಯವರಿಗೆ ಕಂದಲಿಯಲ್ಲಿ, ಚಿಕ್ಕಮಗಳೂರು ಜಿಲ್ಲೆಯವರಿಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿ ವಿಚಾರಿಸಿ. ಸಾಧ್ಯವಾದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಐದನೇ ಹೆಜ್ಜೆ: ಗೊಬ್ಬರದ ಗುಂಡಿ

ಮಡಿಗಿಂತ ಮೊದಲೇ ಗೊಬ್ಬರ ಶುರುವಾಗಬೇಕು, ಯಾಕಂದರೆ ಅದು ಕಳಿಯಲು ಮೂರು ತಿಂಗಳು ಹಿಡಿಯುತ್ತದೆ. ಮೂರು ಅಡಿ ಉದ್ದ, ಅಗಲ, ಎತ್ತರದ ಜಾಗ ಸಾಕು. ಅರ್ಧ ಅಡಿ ಒಣ ಎಲೆ, ಅದರ ಮೇಲೆ ಎರಡು ಇಂಚು ತರಕಾರಿ ಸಿಪ್ಪೆ ಅಥವಾ ಹಸಿ ಸೊಪ್ಪು, ಮೇಲೆ ಸಗಣಿ ನೀರು, ಒಂದು ಹಿಡಿ ಮಣ್ಣು. ಹೀಗೆ ಪದರ ಪದರವಾಗಿ. ಹದಿನೈದು, ಇಪ್ಪತ್ತು ದಿನಕ್ಕೊಮ್ಮೆ ತಿರುವಿ ಹಾಕಿ. ಬೇಯಿಸಿದ ಅನ್ನ, ಸಾಂಬಾರು ಹಾಕಬೇಡಿ, ಇಲಿ ಬರುತ್ತವೆ. ಮಲೆನಾಡಿನಲ್ಲಿ ಗುಂಡಿ ತೋಡಿದರೆ ಮಳೆ ನೀರು ನಿಂತು ನಾರುತ್ತದೆ. ಅಲ್ಲಿ ನೆಲದ ಮೇಲೇ ರಾಶಿ ಹಾಕಿ, ಮೇಲೊಂದು ತಗಡು ಮುಚ್ಚಿ. ಹತ್ತಿರದ ಎಸ್ಟೇಟಿನಲ್ಲಿ ಕೇಳಿದರೆ ಕಾಫಿ ಸಿಪ್ಪೆ ಸಿಗುತ್ತದೆ. ಅದೂ ಕಳಿತ ಮೇಲೆ ಒಳ್ಳೆಯ ಗೊಬ್ಬರ.

ಒಣ ಎಲೆ ತರುವಾಗ ಒಂದು ಎಚ್ಚರ ಬೇಕೇ ಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಕಾಡಿನ ಉಣುಗು ಕಚ್ಚಿ ಬರುತ್ತದೆ. ಚಳಿಗಾಲದಿಂದ ಬೇಸಿಗೆವರೆಗೆ ಇದರ ಕಾಟ ಜಾಸ್ತಿ, ಒಣ ಎಲೆ ಬೀಳುವುದೂ ಅದೇ ಕಾಲ. ಆದ್ದರಿಂದ ಕಾಡಿನಿಂದ ದರಗು ತರಲು ಮಕ್ಕಳನ್ನು ಕಳಿಸಲೇಬೇಡಿ. ಶಾಲೆ ಅಂಗಳದ ಎಲೆ, ಒಣ ಹುಲ್ಲು, ಅಡುಗೆ ಮನೆಯ ಸಿಪ್ಪೆ ಸಾಕು.

ಆರನೇ ಹೆಜ್ಜೆ: ಏನು, ಯಾವಾಗ

ಇಲ್ಲಿ ನಿಧಾನವಾಗಿ ಯೋಚಿಸಿ. ನಮ್ಮ ಎರಡು ಜಿಲ್ಲೆಗಳಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಶೃಂಗೇರಿಗೆ ಹೊಂದುವ ಪಟ್ಟಿ ಕಡೂರಿಗೆ ಹೊಂದುವುದಿಲ್ಲ.

ಬಯಲುಸೀಮೆ ಶಾಲೆಗಳಲ್ಲಿ, ಅಂದರೆ ಕಡೂರು, ಅರಸೀಕೆರೆ, ಚನ್ನರಾಯಪಟ್ಟಣ ಕಡೆ, ಜೂನ್ ಮಳೆಗೆ ಬಿತ್ತಬಹುದು. ದಸರಾ ರಜೆ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ. ಬೀನ್ಸ್ ಕೊಯ್ಲಿಗೆ ಬರಲು 50ರಿಂದ 60 ದಿನ, ಆಮೇಲೆ ಎರಡು ಮೂರು ವಾರ ಕಾಯಿ ಬಿಡುತ್ತದೆ. ಹಾಗಾಗಿ ಜುಲೈ ಮೊದಲ ವಾರದೊಳಗೆ ಬೀಜ ಮಣ್ಣಿಗೆ ಬೀಳಬೇಕು. ಬೆಂಡೆ 45ರಿಂದ 50 ದಿನ, ಮೂಲಂಗಿ 40ರಿಂದ 45, ದಂಟು ಮತ್ತು ಮೆಂತ್ಯ 25ರಿಂದ 30 ದಿನ. ಸೊಪ್ಪನ್ನು ಆಗಸ್ಟ್ ಕೊನೆಯಲ್ಲಿ ಹಾಕಿದರೂ ನಡೆಯುತ್ತದೆ.

ಮಲೆನಾಡಿನಲ್ಲಿ ಜೂನ್, ಜುಲೈನಲ್ಲಿ ಸೊಪ್ಪಿನ ಬೀಜ ಹಾಕಿದರೆ ಕೊಚ್ಚಿ ಹೋಗುತ್ತದೆ. ಮೊಳಕೆ ಬಂದರೂ ಬುಡ ಕೊಳೆಯುತ್ತದೆ. ಮಳೆಗಾಲಕ್ಕೆ ಅಲ್ಲಿಯದ್ದೇ ಬೆಳೆಗಳಿವೆ: ಕೆಸು, ಸುವರ್ಣಗಡ್ಡೆ, ಅರಿಶಿನ, ಸೀಮೆಬದನೆ, ಬಸಳೆ ಬಳ್ಳಿಯ ತುಂಡು, ಚಕ್ರಮುನಿ ಕಡ್ಡಿ. ಇವನ್ನು ಶಾಲೆ ಶುರುವಾದ ಕೂಡಲೇ ನೆಟ್ಟುಬಿಡಿ, ಆಮೇಲೆ ಅವು ತಾವೇ ನೋಡಿಕೊಳ್ಳುತ್ತವೆ. ಬೀಜದ ತರಕಾರಿಗೆ ದಸರಾ ರಜೆ ಮುಗಿಸಿ ಬಂದ ಮೇಲೆ ಕೈ ಹಾಕಿ. ಅಲ್ಲಿಂದ ಮಾರ್ಚ್‌ವರೆಗೆ ನಿಮ್ಮ ತೋಟದ ನಿಜವಾದ ಕಾಲ. ಮಳೆಗೆ ರಜೆ ಕೊಡುವ ಗೊಂದಲವೂ ಇರುವುದಿಲ್ಲ. ಬೇಲೂರು, ಆಲೂರಿನಂಥ ಅರೆಮಲೆನಾಡಿನವರು ಮಳೆ ನೋಡಿಕೊಂಡು ಎರಡರ ನಡುವೆ ದಾರಿ ಹುಡುಕಿ.

ಎಲ್ಲರೂ ಹಾಕಬೇಕಾದ ಒಂದು ಬೆಳೆ ನಮ್ಮ ಅವರೆ. ನಾಟಿ ಸೊಗಡು ಅವರೆಗೆ ಹಗಲಿನ ಉದ್ದ ಗೊತ್ತಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿತ್ತಿದರೆ ಬಳ್ಳಿ ಸುಮ್ನೆ ಹಬ್ಬುತ್ತಾ ಇರುತ್ತದೆ, ಹೂ ಬಿಡುವುದೇ ಇಲ್ಲ. ಹಗಲು ಚಿಕ್ಕದಾಗುತ್ತಾ ಬಂದ ಮೇಲೆ ಹೂಗೊಂಚಲು ಹೊರಬರುತ್ತದೆ, ಚಳಿಗಾಲದಲ್ಲಿ ಕಾಯಿ. ಮಕ್ಕಳು ದಿನಾ ಸೂರ್ಯ ಮುಳುಗುವ ಹೊತ್ತು ಬರೆದಿಟ್ಟು, ಮೊದಲ ಹೂ ಬಂದ ದಿನವನ್ನು ಅದರ ಪಕ್ಕ ಬರೆಯಲಿ. ಬೇರೆ ಯಾವ ಪಾಠವೂ ಇಷ್ಟು ಚೆನ್ನಾಗಿ ಇದನ್ನು ಹೇಳಿಕೊಡಲಾರದು. ಇನ್ನೊಂದು ಲಾಭ, ದಸರಾ ರಜೆಯಲ್ಲಿ ಯಾರೂ ನೋಡದಿದ್ದರೂ ಅವರೆ ತಡೆದುಕೊಳ್ಳುತ್ತದೆ. ಜಾಗ ಇದ್ದರೆ ರಾಗಿಯ ಜೊತೆ ಅಕ್ಕಡಿ ಸಾಲಾಗಿ, ಅಂದರೆ ನಡುನಡುವೆ ಬೇರೆ ಬೆಳೆಯ ಸಾಲಾಗಿ, ಅವರೆ, ಹುಚ್ಚೆಳ್ಳು ಹಾಕಿ. ಮನೆಯ ಹೊಲದಲ್ಲಿ ಕಂಡದ್ದು ಶಾಲೆಯಲ್ಲೂ ಕಂಡರೆ ಮಕ್ಕಳು ತಾವೇ ಮೇಷ್ಟರಾಗುತ್ತಾರೆ.

ಬೇಲಿ ಬದಿಗೆ ನುಗ್ಗೆ, ಕರಿಬೇವು, ನಿಂಬೆ ಒಂದೊಂದು ಇರಲಿ. ಬೀಜ ಕೊಳ್ಳುವುದಾದರೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಿವೆ: ಬೆಂಡೆಯಲ್ಲಿ ಅರ್ಕಾ ಅನಾಮಿಕಾ, ಬೀನ್ಸ್‌ನಲ್ಲಿ ಅರ್ಕಾ ಕೋಮಲ್, ದಂಟಿನಲ್ಲಿ ಅರ್ಕಾ ಸುಗುಣ. ಇವು ಹೈಬ್ರಿಡ್ ಅಲ್ಲದ್ದರಿಂದ ಬೀಜ ಉಳಿಸಿಕೊಳ್ಳಬಹುದು.

ಏಳನೇ ಹೆಜ್ಜೆ: ಬಿತ್ತುವ ದಿನ

ಬ್ಯಾಗ್ ಇಲ್ಲದ ಶನಿವಾರ ಇದಕ್ಕೆ ಹೇಳಿ ಮಾಡಿಸಿದ ದಿನ. ಹಿಂದಿನ ಸಂಜೆ ಮಡಿಗೆ ನೀರು ಹಾಕಿಡಿ.

ಬೀನ್ಸ್, ಅವರೆ, ಬೆಂಡೆ ಬೀಜವನ್ನು ಒಂದು ಇಂಚು ಆಳಕ್ಕೆ ಇಡಬೇಕು. ಮಗುವಿನ ತೋರುಬೆರಳಿನ ಮೊದಲ ಗೆಣ್ಣಿನಷ್ಟು. ನಮ್ಮ ಮಡಿಯಲ್ಲಿ ಬೀನ್ಸ್‌ಗೆ ಎರಡು ಸಾಲು, ಬೀಜದಿಂದ ಬೀಜಕ್ಕೆ ಅರ್ಧ ಅಡಿ ಬಿಟ್ಟರೆ ಸುಮಾರು ನಲವತ್ತು ಬೀಜ. ಒಂದು ಮಗುವಿಗೆ ಒಂದು ಬೀಜ ಬರುತ್ತದೆ, ಅಲ್ವಾ? ಅದರ ಪಕ್ಕ ಹೆಸರು ಬರೆದ ಕಡ್ಡಿ ನೆಡಿಸಿ. ದಂಟಿನ ಬೀಜ ಧೂಳಿನ ಹಾಗಿರುತ್ತದೆ. ಅರ್ಧ ಚಮಚ ಬೀಜಕ್ಕೆ ನಾಲ್ಕೈದು ಪಟ್ಟು ಮರಳು ಬೆರೆಸಿ ಎರಚಿ. ಮಡಿಯ ಅಂಚಿಗೆ ಸ್ವಲ್ಪ ರವೆ ಹಾಕಿದರೆ ಇರುವೆ ಬೀಜ ಬಿಟ್ಟು ರವೆ ಹೊರುತ್ತವೆ. ಕೊತ್ತಂಬರಿಯನ್ನು ಮಣೆಯ ಮೇಲೆ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿ.

ಆಮೇಲಿನ ಐದು ದಿನ ಬಹಳ ಕಷ್ಟದ ದಿನಗಳು. ಮೂರನೇ ತರಗತಿಯ ಒಬ್ಬ ಹುಡುಗ ದಿನಾ ಬೆಳಗ್ಗೆ ಬೆಲ್ ಹೊಡೆಯುವ ಮೊದಲು ಬಂದು ತನ್ನ ಬೀನ್ಸ್ ಬೀಜ ಅಗೆದು ನೋಡಿ, ಊದಿ, ಮತ್ತೆ ಮುಚ್ಚಿಡುತ್ತಿದ್ದ. ನಾಲ್ಕನೇ ದಿನ ಮೊಳಕೆ ಅವನ ಉಗುರಿಗೇ ಸಿಕ್ಕಿ ಮುರಿಯಿತು. ಅವನು ಅತ್ತದ್ದು ನನಗೆ ಇನ್ನೂ ನೆನಪಿದೆ. ಅಂದಿನಿಂದ ಒಂದು ಗಾಜಿನ ಲೋಟದ ಒಳಗೆ ಒದ್ದೆ ಬಟ್ಟೆ ಸುತ್ತಿ, ಬಟ್ಟೆ ಮತ್ತು ಗಾಜಿನ ನಡುವೆ ನಾಲ್ಕು ಬೀಜ ಸಿಕ್ಕಿಸಿ ಕಿಟಕಿಯಲ್ಲಿ ಇಡುತ್ತೇವೆ. ಬೀಜ ಉಬ್ಬುವುದು, ಸಿಪ್ಪೆ ಸೀಳುವುದು, ಬೇರು ಕೆಳಕ್ಕೆ ಬಾಗುವುದು, ಎಲ್ಲ ಅಲ್ಲೇ ಕಾಣುತ್ತದೆ. ಮಣ್ಣಿನೊಳಗಿನ ಬೀಜವನ್ನು ಅದರ ಪಾಡಿಗೆ ಬಿಡುತ್ತಾರೆ.

ಎಂಟನೇ ಹೆಜ್ಜೆ: ನೀರು, ಪಾಳಿ

ಬೆರಳನ್ನು ಒಂದು ಗೆಣ್ಣು ಮಣ್ಣಿಗೆ ಇಳಿಸಿ. ಒದ್ದೆ ಇದ್ದರೆ ನೀರು ಬೇಡ. ಇದನ್ನು ಕಲಿಸದಿದ್ದರೆ ಪ್ರೀತಿ ಜಾಸ್ತಿಯಾಗಿ ಗಿಡ ಕೊಳೆಸುತ್ತಾರೆ. ಬಿಸಿಲು ಕಾಲದಲ್ಲಿ ಒಂದು ಮಡಿಗೆ ದಿನಕ್ಕೆ ಒಂದು ಕೊಡ ನೀರು. ಪುಟ್ಟ ಕೈಗೆ ಹಳೆ ಬಾಟಲಿಯ ಮುಚ್ಚಳಕ್ಕೆ ನಾಲ್ಕು ತೂತು ಮಾಡಿಕೊಟ್ಟರೆ ಸಾಕು. ತಟ್ಟೆ ತೊಳೆದ ನೀರನ್ನು ಕಾಲುವೆ ಮಾಡಿ ಕೆಸು, ನುಗ್ಗೆ ಬುಡಕ್ಕೆ ಬಿಡಿ, ಸೊಪ್ಪಿನ ಮಡಿಗೆ ಬೇಡ. ಗಿಡದ ಬುಡಕ್ಕೆ ಒಣ ಹುಲ್ಲಿನ ಹೊದಿಕೆ ಹಾಕಿದರೆ ನೀರು ಉಳಿಯುತ್ತದೆ.

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಒಂದು ಗುಂಪಿಗೆ ಒಂದು ವಾರ. ದೊಡ್ಡ ತರಗತಿಯ ಒಬ್ಬರು, ಚಿಕ್ಕ ತರಗತಿಯ ಒಬ್ಬರು ಪ್ರತಿ ಗುಂಪಿನಲ್ಲೂ ಇರಲಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಪಾಳಿಯ ಭಾಗವೇ.

ಒಂಬತ್ತನೇ ಹೆಜ್ಜೆ: ಹುಳ ಬಂದಾಗ

ವಿಷದ ಔಷಧಿ ಶಾಲೆಯೊಳಗೆ ಬರಲೇಬಾರದು. ಮನೆಯಲ್ಲಿ ಉಳಿದದ್ದು ಅಂತ ಯಾರಾದರೂ ತಂದುಕೊಟ್ಟರೂ ವಾಪಸ್ ಕಳಿಸಿ. ಬೀನ್ಸ್ ಚಿಗುರಿಗೆ ಕಪ್ಪು ಹೇನು ಹತ್ತಿದರೆ ಮೊದಲು ನೀರು ರಭಸವಾಗಿ ಹೊಡೆದು ನೋಡಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಶಿಕ್ಷಕರೇ ಸಂಜೆ ಎಲೆಯ ಕೆಳಗೆ ಸಿಂಪಡಿಸಲಿ. ಮಳೆಗಾಲದ ಬಸವನಹುಳುವನ್ನು ಸಂಜೆ ಒದ್ದೆ ಗೋಣಿಚೀಲ ಹಾಸಿಟ್ಟು, ಬೆಳಗ್ಗೆ ಅದರ ಕೆಳಗಿಂದ ಆರಿಸಿ ತೆಗೆಯಿರಿ. ಕೈಗೆ ಪ್ಲಾಸ್ಟಿಕ್ ಚೀಲ ಇರಲಿ.

ಎಲ್ಲ ಹುಳವನ್ನೂ ಕೊಲ್ಲಬೇಕಿಲ್ಲ. ನಿಂಬೆ, ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಒಂದು ಹುಳ ಕೂತಿರುತ್ತದೆ. ಕಂದು, ಮೇಲೆ ಬಿಳಿ ಮಚ್ಚೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಹೊರಹಾಕಿ ಘಾಟು ವಾಸನೆ ಬಿಡುತ್ತದೆ. ಒಂದನ್ನು ಕೊಂಬೆ ಸಮೇತ ಅಗಲ ಬಾಯಿಯ ಜಾಡಿಯಲ್ಲಿ ಇಟ್ಟು, ಮೇಲೆ ತೆಳು ಬಟ್ಟೆ ಕಟ್ಟಿ, ದಿನಾ ಹೊಸ ಎಲೆ ಹಾಕಿ. ಅದು ಹಸಿರಾಗುತ್ತದೆ, ಗೂಡಾಗುತ್ತದೆ, ಒಂದು ಬೆಳಗ್ಗೆ ಚಿಟ್ಟೆಯಾಗಿ ರೆಕ್ಕೆ ಒಣಗಿಸುತ್ತಾ ಕೂತಿರುತ್ತದೆ. ಆ ದಿನ ಬೇರೆ ಪಾಠ ನಡೆಯುವುದಿಲ್ಲ, ನಡೆಯದಿದ್ದರೂ ಪರವಾಗಿಲ್ಲ.

ಹತ್ತನೇ ಹೆಜ್ಜೆ: ತೋಟದ ಪುಸ್ತಕ

ಒಂದು ನೂರು ಪುಟದ ನೋಟ್‌ಬುಕ್ ಇಡಿ. ಬಿತ್ತಿದ ದಿನ, ಮೊಳೆತ ದಿನ, ಮಳೆ ಬಂದ ದಿನ, ಕೊಯ್ದ ತೂಕ, ಖರ್ಚು. ಮಡಿಯ ಸುತ್ತಳತೆ, ವಿಸ್ತೀರ್ಣ, ನಲವತ್ತರಲ್ಲಿ ಎಷ್ಟು ಮೊಳೆತವು ಅನ್ನುವ ಶೇಕಡಾ ಲೆಕ್ಕ, ಎಲ್ಲ ಇದರಿಂದಲೇ. ಕನ್ನಡ ಪಾಠಕ್ಕೆ, ಮನೆಯ ಹಿರಿಯರಿಂದ ಮಳೆ ನಕ್ಷತ್ರಗಳ ಹೆಸರು ಬರೆದುಕೊಂಡು ಬರಲಿ. 'ಭರಣಿ ಮಳೆ ಬಂದರೆ ಧರಣಿ ಬೆಳೆ' ಅನ್ನುವ ಮಾತು ನಿಜವಾ ಅಂತ ಅವರೇ ಪುಸ್ತಕದಲ್ಲಿ ಹುಡುಕಲಿ.

ಹನ್ನೊಂದನೇ ಹೆಜ್ಜೆ: ಕೊಯ್ಲಿನ ಬೆಳಗ್ಗೆ

ಸೊಪ್ಪನ್ನು ಬೆಳಗ್ಗೆಯೇ ಕೊಯ್ಯಿರಿ. ದಂಟನ್ನು ಬೇರು ಸಮೇತ ಕೀಳದೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಇನ್ನೊಮ್ಮೆ ಚಿಗುರುತ್ತದೆ. ತೂಕ ಮಾಡಿ, ಬರೆದು, ಎರಡು ಮೂರು ನೀರಿನಲ್ಲಿ ತೊಳೆದು ಅಡುಗೆ ಅಕ್ಕನ ಕೈಗೆ ಕೊಡಲಿ. ದಂಟು, ಹಸಿ ಅವರೆಕಾಳು ಸೇರಿಸಿ ಬಸ್ಸಾರು ಮಾಡಿದರೆ ನಮ್ಮ ಹಾಸನದ ಮಕ್ಕಳು ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಮಲೆನಾಡಿನ ಶಾಲೆಯಲ್ಲಿ ಪತ್ರೊಡೆ ಮಾಡುವ ಆಸೆ ಇದ್ದರೆ ಕೆಸುವಿನ ಎಲೆಯನ್ನು ದೊಡ್ಡವರೇ ಹೆಚ್ಚಲಿ, ಕೈ ತುರಿಸುತ್ತದೆ. ಹುಣಸೆಹುಳಿ ಜಾಸ್ತಿ ಹಾಕಿ, ಚೆನ್ನಾಗಿ ಬೇಯಿಸಿ.

ಊಟಕ್ಕೆ ಕೂತಾಗ ಇಂದಿನ ಸೊಪ್ಪು ಯಾವ ಗುಂಪಿನ ಮಡಿಯದ್ದು ಅಂತ ಒಬ್ಬ ಮಗು ಎದ್ದು ಹೇಳಲಿ. ಅಷ್ಟು ಸಾಕು, ಭಾಷಣ ಬೇಡ.

ಕೊನೆಯ ಹೆಜ್ಜೆ: ಬೇಸಿಗೆ ರಜೆ ಮತ್ತು ಬೀಜ

ಮಾರ್ಚ್ ಕೊನೆಗೆ ಮಡಿ ಖಾಲಿ ಮಾಡಿ. ಎರಡು ತಿಂಗಳು ಯಾರೂ ಇಲ್ಲದ ಕಡೆ ಎಳೆ ಗಿಡ ಬಿಟ್ಟು ಹೋಗುವುದು ತಪ್ಪು. ಮಡಿಯ ಮೇಲೆ ಗೊಬ್ಬರ ಹರಡಿ, ಒಂದು ಗೇಣು ದಪ್ಪ ಒಣ ಹುಲ್ಲು ಹೊದಿಸಿ. ನಿಂಬೆ, ಕರಿಬೇವಿಗೆ ವಾರಕ್ಕೊಮ್ಮೆ ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳಿ. ಅದಕ್ಕೆ ಬದಲಾಗಿ ನುಗ್ಗೆಕಾಯಿ ಅವರೇ ಕೊಯ್ದುಕೊಳ್ಳಲಿ.

ಅದಕ್ಕೂ ಮೊದಲು ಬೀಜ ಎತ್ತಿಡಿ. ಪ್ರತಿ ಮಡಿಯಲ್ಲೂ ಒಳ್ಳೆಯ ಎರಡು ಗಿಡಕ್ಕೆ ಕೆಂಪು ದಾರ ಕಟ್ಟಿ, ಅವನ್ನು ಕೊಯ್ಯದೆ ಬಲಿಯಲು ಬಿಡಬೇಕು. ಒಬ್ಬ ಹುಡುಗಿ ತನ್ನ ಅಜ್ಜಿ ಮನೆಯಿಂದ ಗೋಡೆಯಿಂದ ಕಿತ್ತ ಒಂದು ಬೆರಣಿ ತಂದಿದ್ದಳು. ಮುರಿದರೆ ಒಳಗೆ ಸೋರೆ, ಸೌತೆ ಬೀಜಗಳು ಸಾಲಾಗಿ ಕೂತಿದ್ದವು, ಒಂದಕ್ಕೂ ಹುಳ ಬಿದ್ದಿರಲಿಲ್ಲ. ಆ ಅಜ್ಜಿಯನ್ನೇ ಶಾಲೆಗೆ ಕರೆಸಿದೆವು. ಅವರು ನೆಲದ ಮೇಲೆ ಕೂತು, ಅವರೆ ಬೀಜಕ್ಕೆ ಒಲೆ ಬೂದಿ ಬೆರೆಸಿ, ಅಂಗೈಯಲ್ಲಿ ಉಜ್ಜಿ, ಡಬ್ಬಿಗೆ ತುಂಬುವುದನ್ನು ತೋರಿಸಿದರು.

ಡಬ್ಬಿಯ ಮೇಲೆ ಬೆಳೆಯ ಹೆಸರು, ವರ್ಷ, ಎತ್ತಿಟ್ಟ ಮಕ್ಕಳ ಗುಂಪು ಬರೆಯಿಸಿ. ಏಳನೇ ತರಗತಿಯವರು ಶಾಲೆ ಬಿಡುವ ದಿನ ಅದನ್ನು ಆರನೇ ತರಗತಿಯವರ ಕೈಗೆ ಕೊಡಲಿ. ಆಮೇಲೆ ಕಪಾಟಿನ ಮೇಲಿನ ಅರೆಯಲ್ಲಿಡಿ. ಕೆಳಗಿನ ಅರೆಗೆ ಜೂನ್‌ನಲ್ಲಿ ಥಂಡಿ ಹತ್ತುತ್ತದೆ.